ಕಡಿಮೆ ಮೈಲೇಜಿನ ಪೈಲ್ವಾನ

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಕೋಣೆ ಯಾವುದು ಎಂದು ಯಾರಾದರೂ ಕೇಳಿದರೆ ನನ್ನ ಹೆಂಡತಿ ಕಾರ್ ಶೆಡ್ಡಿನ ಕಡೆ ಬೆರಳು ತೋರಿಸುತ್ತಾಳೆ. ಯಾರೂ ಕೇಳದಿದ್ದರೂ ತೋರಿಸುತ್ತಾಳೆ. ಅವಳ ಮಾತು ಸುಳ್ಳೆಂದು ನಾನು ಹೇಳಲಾರೆ. ಶೆಡ್ಡಿನ ನೆಲಕ್ಕೆ ಟೈಲ್ಸ್ ಇದೆ, ಕಿಟಕಿಗೆ ದಪ್ಪ ಪರದೆ ಇದೆ (ಬಿಸಿಲಿಗೆ ಬಣ್ಣ ಮಾಸಬಾರದಲ್ಲ), ಮೇಲೆ ಫ್ಯಾನಿದೆ. ಬಾಗಿಲು ಸದ್ದಿಲ್ಲದೆ ತೆರೆದುಕೊಳ್ಳುತ್ತದೆ. ಮನೆಯ ಮಿಕ್ಕ ಬಾಗಿಲುಗಳೆಲ್ಲ ಕಿರ್ರೆನ್ನುತ್ತವೆ. ಎಣ್ಣೆ ಶೆಡ್ಡಿನಲ್ಲೇ ಮುಗಿದುಹೋಯಿತು.

ಅಲ್ಲಿ ವಾಸವಾಗಿದ್ದದ್ದು ನನ್ನ ಕಾರು. ಹಾಲಿನ ದಿವಾನದ ಮೇಲೆ ವಾಸವಾಗಿದ್ದದ್ದು ನನ್ನ ಅತ್ತೆಯವರು.

ಅತ್ತೆಯವರು ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡು, ಅದು ಕೂಡಿದ ಮೇಲೆ ನಮ್ಮ ಮನೆಗೆ ಬಂದಿದ್ದರು. ಮೆಟ್ಟಿಲು ಹತ್ತಕೂಡದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ನಮ್ಮ ಮಲಗುವ ಕೋಣೆಗಳೆಲ್ಲ ಮಾಳಿಗೆಯ ಮೇಲೆ. ಕೆಳಗಿರುವುದು ಅಡುಗೆಮನೆ, ಹಾಲು, ಮತ್ತು ಆ ಶೆಡ್ಡು.

“ನಿಮ್ಮ ಪೈಲ್ವಾನನಿಗೆ ಫ್ಯಾನಿರೋ ರೂಮು, ನಮ್ಮಮ್ಮನಿಗೆ ದಿವಾನ. ಬಂದವರು ಹೋದವರೆಲ್ಲ ಅವರ ಕಾಲ ಹತ್ರ ಕೂತು ಟೀ ಕುಡೀತಾರೆ. ನ್ಯಾಯಾನಾ ಇದು?” ಎಂದು ಹೆಂಡತಿ ಬೆಳಗಾದರೆ ಕೇಳುತ್ತಿದ್ದಳು.

“ನನ್ನ ಚಿಂತೆ ಬಿಡಮ್ಮ,” ಎಂದು ದಿವಾನದಿಂದ ಧ್ವನಿ ಬರುತ್ತಿತ್ತು. “ನಾನೇನು ಎಂಟು ಸಿಲಿಂಡರು ಇಟ್ಕೊಂಡು ಬಂದೋಳಾ?”

ಅತ್ತೆಯವರಿಗೆ ಸಿಲಿಂಡರಿನ ವಿಷಯ ಹೇಗೆ ಗೊತ್ತು ಎಂದರೆ, ನಾನೇ ಹೇಳಿದ್ದು. ಒಂದೇ ಸಲವಲ್ಲ.

ಮಸಲ್ ಕಾರು ಎಂದರೆ ಗೊತ್ತಿಲ್ಲದವರಿಗಾಗಿ ಒಂದು ಮಾತು. ಉದ್ದನೆಯ ಮೂತಿ, ಎರಡೇ ಬಾಗಿಲು, ನೆಲಕ್ಕೆ ಅಂಟಿಕೊಂಡ ಹೊಟ್ಟೆ, ಒಳಗೆ ನಾಲ್ಕು ಕಾರುಗಳಿಗೆ ಹಂಚಬಹುದಾದಷ್ಟು ಶಕ್ತಿ. ನನ್ನದು ಕಡುನೀಲಿ, ಮೇಲೆ ಎರಡು ಬಿಳಿ ಪಟ್ಟಿ. ಸ್ಟಾರ್ಟ್ ಮಾಡಿದರೆ ಅಡುಗೆಮನೆಯ ತಟ್ಟೆಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ. ನಾನು ಕನ್ನಡಕದಂಗಡಿ ಇಟ್ಟುಕೊಂಡಿರುವವನು. ಎರಡನೆಯ ಅಂಗಡಿ ತೆಗೆಯೋಣವೆಂದು ಕೂಡಿಟ್ಟದ್ದನ್ನು ಐವತ್ತನೆಯ ವಯಸ್ಸಿನಲ್ಲಿ, ಒಂದು ಮಧ್ಯಾಹ್ನ, ಯಾರನ್ನೂ ಕೇಳದೆ ಈ ಕಾರಿಗೆ ಸುರಿದೆ. “ಎರಡನೇ ಅಂಗಡಿ ಎಲ್ಲಿ ಹಾಕಿದ್ರಿ?” ಎಂದು ನೆಂಟರು ಕೇಳಿದರೆ ಹೆಂಡತಿ, “ಶೆಡ್ಡಲ್ಲಿದೆ, ಚಕ್ರ ಕೂಡ ಇದೆ” ಎನ್ನುತ್ತಿದ್ದಳು. ಅವಳು ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಕಡಿಮೆ ಮಾತು, ಗುರಿ ತಪ್ಪದ ಮಾತು.

“ಮಸಲ್ ಎಲ್ಲಾ ಕಾರಿಗೇ ಹೋಯ್ತು. ನಿಮಗೆ ಉಳಿದಿದ್ದು ಬರೀ ಕಾರುಬಾರು,” ಎಂದೂ ಒಮ್ಮೆ ಅಂದಿದ್ದಳು.

ಆರು ವರ್ಷದಲ್ಲಿ ಆ ಕಾರು ಓಡಿದ್ದು ಆರು ಸಾವಿರದ ಚಿಲ್ಲರೆ ಕಿಲೋಮೀಟರು. ಮೋಡ ಕಂಡರೆ ನಾನು ಅದನ್ನು ತೆಗೆಯುತ್ತಿರಲಿಲ್ಲ. ತಂತಿಯ ಮೇಲೆ ಹಕ್ಕಿ ಕೂತ ಬೀದಿಗೆ ಒಯ್ಯುತ್ತಿರಲಿಲ್ಲ. ಅಂಗಡಿಗೆ ಹೋಗುವುದು ಸ್ಕೂಟರಿನಲ್ಲಿ. ಹೆಂಡತಿ ಹೋಗುವುದು ಬಸ್ಸಿನಲ್ಲಿ. ಭಾನುವಾರ ಬೆಳಿಗ್ಗೆ ರಸ್ತೆ ಖಾಲಿಯಿರುವಾಗ ಒಂದು ಸುತ್ತು ಹಾಕಿಸಿ ಕರೆತಂದು, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಹೊದಿಕೆ ಹೊದಿಸುತ್ತಿದ್ದೆ.

“ನಾನು ಜ್ವರ ಬಂದು ಮಲಗಿದಾಗ ನನಗೊಂದು ಹೊದಿಕೆ ಹೊದಿಸಿದ್ದು ನೆನಪಿಲ್ಲ,” ಎಂದಳು ಹೆಂಡತಿ.

“ಹೊದಿಸಿದ್ದೆ ಕಣೇ!”

“ಅದು ಕಾರಿನ ಹಳೇ ಹೊದಿಕೆ.”

ಕೊನೆಗೆ ಅವಳು ಗಡುವು ಕೊಟ್ಟಳು. ತಿಂಗಳ ಕೊನೆಯೊಳಗೆ ಕಾರು ಮಾರಿ ಶೆಡ್ಡನ್ನು ಅಮ್ಮನಿಗೆ ರೂಮು ಮಾಡಿಕೊಡಬೇಕು. ಇಲ್ಲದಿದ್ದರೆ ಅಮ್ಮನ ಜೊತೆ ಅವಳೂ ಹಾಲಿನಲ್ಲೇ ಮಲಗುತ್ತಾಳೆ, ಮಾಳಿಗೆಯ ಮೇಲೆ ನಾನೊಬ್ಬನೇ. ಬೆಳಿಗ್ಗೆ ಏಳಿಸುವವರು, ಟವೆಲ್ ಎಲ್ಲಿದೆಯೆಂದು ಹೇಳುವವರು ಯಾರೂ ಇರುವುದಿಲ್ಲ. ನಾನು ಶರಣಾಗತನಾದೆ.

ಜಾಹೀರಾತು ಬರೆದವನು ನಾನೇ. “ಅತ್ಯಂತ ಜೋಪಾನವಾಗಿ ಇಟ್ಟುಕೊಂಡ, ಕಡಿಮೆ ಮೈಲೇಜಿನ ಮಸಲ್ ಕಾರು ಮಾರಾಟಕ್ಕಿದೆ. ಯೋಗ್ಯರು ಮಾತ್ರ ಸಂಪರ್ಕಿಸಿ.” ಓಡಿದ್ದು ಕಡಿಮೆ ಎಂಬ ಅರ್ಥದಲ್ಲಿ ಬರೆದದ್ದು. ಫೋನುಗಳು ಬಂದವು.

“ಸಾರ್, ಮೈಲೇಜು ಕಡಿಮೆ ಅಂತ ನೀವೇ ಬರೆದಿದ್ದೀರಲ್ಲ, ಎಷ್ಟು ಕುಡಿಯತ್ತೆ?”

“ಅಯ್ಯೋ, ಅದು ಆ ಮೈಲೇಜಲ್ಲ. ಜಾಸ್ತಿ ಓಡಿಲ್ಲ ಅಂತ.”

“ಹಂಗಾದ್ರೆ ಆ ಮೈಲೇಜು ಚೆನ್ನಾಗಿದೆಯಾ?”

ಇಲ್ಲ ಎನ್ನಬೇಕಾಯಿತು. ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. ಎಂಟು ಸಿಲಿಂಡರು ಯಾಕೆ ಅಷ್ಟು ಕುಡಿಯುತ್ತದೆ ಎಂಬುದನ್ನು ಮೊದಲಿನಿಂದ ವಿವರಿಸಿದೆ. ಅರ್ಧದಲ್ಲಿ ಲೈನ್ ಕಟ್ಟಾಯಿತು. ಆ ವಾರ ನಮ್ಮ ಕಡೆ ಲೈನುಗಳು ಬಹಳ ಕಟ್ಟಾದವು.

ಮನೆಗೇ ಬಂದವರಲ್ಲಿ ಮೊದಲನೆಯವನು ಜಿಮ್ಮಿನ ತರಬೇತುದಾರ. ತೋಳುಗಳು ನನ್ನ ತೊಡೆಗಳಷ್ಟು ದಪ್ಪ. ಅವನು ಕೇಳಿದ್ದು ಒಂದೇ ಪ್ರಶ್ನೆ: “ಟೈರ್ ಚೇಂಜ್ ಮಾಡಿದ್ದೀರಾ?” ನಾನು ಟೈರಿನ ಜಾತಕವನ್ನೆಲ್ಲ ಬಿಡಿಸಿಟ್ಟೆ. ನಾಲ್ಕು ಟೈರಿಗೂ ಪ್ರತ್ಯೇಕ ಸ್ವಭಾವವಿದೆ, ಎಡಗಡೆ ಹಿಂದಿನದು ಸ್ವಲ್ಪ ಸೂಕ್ಷ್ಮ, ಚಳಿಯಲ್ಲಿ ಮುನಿಸಿಕೊಳ್ಳುತ್ತದೆ. ಅವನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ಆಮೇಲೆ ಫೋನು ಬಾರದಿದ್ದರೂ ಕಿವಿಗಿಟ್ಟುಕೊಂಡು “ಹಾಂ, ಬಂದೆ ಬಂದೆ” ಎನ್ನುತ್ತ ಗೇಟು ದಾಟಿದ.

ಎರಡನೆಯದು ಹೊಸದಾಗಿ ಮದುವೆಯಾದ ಜೋಡಿ. ಹುಡುಗಿ ಒಳಗೆ ಕೂತು “ವಾವ್” ಎಂದಳು. ನನಗೂ ಖುಷಿಯಾಯಿತು. ಆದರೆ ನಾನು ಕೆಲವು ಸಣ್ಣಪುಟ್ಟ ವಿಷಯ ತಿಳಿದುಕೊಳ್ಳಬೇಡವೇ? ಕಾರಿನಲ್ಲಿ ಬಿಸ್ಕೆಟ್ ತಿನ್ನುವ ಅಭ್ಯಾಸ ಉಂಟೇ? ಉಗುರು ಎಷ್ಟು ದಿನಕ್ಕೊಮ್ಮೆ ಕತ್ತರಿಸುತ್ತೀರಿ (ಸೀಟು ಚರ್ಮದ್ದು)? ಜಗಳವಾದರೆ ಬಾಗಿಲನ್ನು ಧಡಾರೆಂದು ಹಾಕುವವರು ಇಬ್ಬರಲ್ಲಿ ಯಾರು? ಗಂಡ ಹೆಂಡತಿಯ ಕಡೆ ನೋಡಿದ. ಹೆಂಡತಿ ಗಂಡನ ಕಡೆ ನೋಡಿದಳು. “ನಾನ್ಯಾವಾಗ ಧಡಾರ್ ಅಂತ ಹಾಕಿದೆ?” ಎಂದು ಅಲ್ಲೇ ಶುರುವಾಯಿತು. ಬಂದದ್ದು ಒಟ್ಟಿಗೆ, ಹೋದದ್ದು ಹತ್ತು ಹೆಜ್ಜೆ ಅಂತರದಲ್ಲಿ.

ಮೂರನೆಯವನು ಹಳೆ ಕಾರುಗಳ ದಲ್ಲಾಳಿ. ಬಂದವನೇ ಮುಂದಿನ ಚಕ್ರಕ್ಕೆ ಬೂಟುಗಾಲಿನಲ್ಲಿ ಒಂದು ಒದ್ದ. ನಾನು ಅವನಿಗೆ “ಕ್ಷಮೆ ಕೇಳು” ಎಂದೆ. “ಯಾರನ್ನ?” ಎಂದ. ನಾನು ಕಾರಿನ ಕಡೆ ತೋರಿಸಿದೆ. ಅವನ ಸಂಗತಿ ಅಲ್ಲಿಗೆ ಮುಗಿಯಿತು.

ಹೀಗೆ ಹದಿಮೂರು ಮಂದಿ ಬಂದುಹೋದರು. ಅತ್ತೆಯವರು ದಿವಾನದ ಮೇಲೆ ಒರಗಿಕೊಂಡು ಎಲ್ಲರನ್ನೂ ನೋಡಿದರು.

“ಅಳಿಯಂದಿರೇ, ನೀವು ತಪ್ಪು ತಿಳೀಬೇಡಿ,” ಎಂದರು. “ಬರೋವಾಗ ಎಲ್ಲರ ಮುಖದಲ್ಲೂ ಆಸೆ ಇರತ್ತೆ. ಶೆಡ್ಡಿಂದ ವಾಪಸ್ ಬರೋವಾಗ ಆಸ್ಪತ್ರೆಯಿಂದ ಬಂದಹಾಗಿರ್ತಾರೆ. ಒಳಗೆ ಏನು ಮಾಡ್ತೀರಿ ಅವರಿಗೆ?”

“ಮಾತಾಡ್ತಾರಮ್ಮ,” ಎಂದಳು ಹೆಂಡತಿ.

ಅಂದು ಮಧ್ಯಾಹ್ನ ಅವಳು ಬಟ್ಟೆ ಇಸ್ತ್ರಿ ಮಾಡುತ್ತ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ನಿಯಮ ಹೇಳಿದಳು. “ಇನ್ಮೇಲೆ ಮೂರೇ ಮಾತು. ಕಾರು ಚೆನ್ನಾಗಿದೆ. ಜಾಸ್ತಿ ಓಡಿಲ್ಲ. ಕೀಲಿಕೈ ಇಲ್ಲಿದೆ. ಅಷ್ಟೇ. ನಾಲ್ಕನೇ ಮಾತು ಬಂದ್ರೆ ನಾನು ಒಳಗೆ ಬರ್ತೀನಿ.”

“ಪ್ರಶ್ನೆ ಕೇಳಿದ್ರೆ?”

“ಹೌದು, ಇಲ್ಲ.”

“ಕೆಲವು ವಿಷಯ ಹೌದು ಇಲ್ಲ ಅಂತ ಹೇಳೋಕಾಗಲ್ಲ ಕಣೇ. ಉದಾಹರಣೆಗೆ ಗೇರ್ ಬಾಕ್ಸು...”

ಅವಳು ಇಸ್ತ್ರಿಪೆಟ್ಟಿಗೆಯನ್ನು ಮೇಲಕ್ಕೆತ್ತಿದಳು. ಬಟ್ಟೆಗಾಗಿಯೇ ಎತ್ತಿದ್ದಿರಬಹುದು. ನಾನು ಗೇರ್ ಬಾಕ್ಸನ್ನು ಅಲ್ಲಿಗೇ ಬಿಟ್ಟೆ.

ಗಡುವಿಗೆ ನಾಲ್ಕು ದಿನ ಉಳಿದಿರುವಾಗ ಹದಿನಾಲ್ಕನೆಯವರು ಬಂದರು. ಎಪ್ಪತ್ತರ ಹತ್ತಿರದ ಎತ್ತರದ ಮನುಷ್ಯ, ತೋಳು ಮಡಚಿದ ಶರಟು, ದಪ್ಪ ಕಡ್ಡಿಯ ಕನ್ನಡಕ. ಪತ್ರಿಕೆ ಅಚ್ಚುಹಾಕುವ ದೊಡ್ಡ ಪ್ರೆಸ್ಸಿನಲ್ಲಿ ಮೂವತ್ತೆಂಟು ವರ್ಷ ಯಂತ್ರ ನಡೆಸಿ ನಿವೃತ್ತರಾದವರಂತೆ. ಹಾಲಿನಲ್ಲಿ ಕೂತು ಅತ್ತೆಯವರ ಸೊಂಟ ವಿಚಾರಿಸಿದರು, ಟೀ ಕುಡಿದರು. ಬೆಲೆಯ ಬಗ್ಗೆ ಚೌಕಾಸಿ ಇಲ್ಲ. ಕೇಳಿದ್ದು ಒಂದೇ.

“ಇಂಜಿನ್ನು ಸದ್ದು ಮಾಡತ್ತಾ?”

“ಮಾಡತ್ತಾ ಅಂದ್ರೆ! ಇಡೀ ಬೀದಿ...” ಎಂದು ಅತ್ತೆಯವರೇ ಉತ್ತರ ಕೊಟ್ಟರು.

ಅವರ ಮುಖ ಅರಳಿತು. ನಾವಿಬ್ಬರೂ ಶೆಡ್ಡಿಗೆ ಹೋದೆವು. ನಾನು ಬಗ್ಗಿ ಹೊದಿಕೆ ಮಡಚಿ ಪಕ್ಕಕ್ಕಿಟ್ಟು, ಒಳಗೆ ಕೂತು ಕೀಲಿ ತಿರುಗಿಸಿದೆ. ಪೈಲ್ವಾನ ಗುಟುರು ಹಾಕಿದ. ಆ ಮನುಷ್ಯ ಬಾನೆಟ್ಟಿನ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ ನಿಂತರು. ಇಷ್ಟು ಜನ ಬಂದಿದ್ದರಲ್ಲ, ಒಬ್ಬರಾದರೂ ಅದನ್ನು ಹೀಗೆ ಮುಟ್ಟಿರಲಿಲ್ಲ.

ಇಂಜಿನ್ ಆರಿಸಿ ಇಳಿದು ಬಂದು ಹೆಂಡತಿ ಕಲಿಸಿದ ಮೂರು ಮಾತು ಹೇಳಿದೆ. ಅವರು ನನ್ನ ಮುಖ ನೋಡಿ ನಗುತ್ತ ತಲೆಯಾಡಿಸಿದರು. ನಾಲ್ಕನೆಯ ಮಾತು ತಾನಾಗಿಯೇ ಬಂತು. ಅದಕ್ಕೂ ತಲೆಯಾಡಿಸಿದರು. ಆಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ. ಗೇರ್ ಬಾಕ್ಸು ಹೇಳಿದೆ, ಟೈರುಗಳ ಸ್ವಭಾವ ಹೇಳಿದೆ, ಬಿಳಿ ಪಟ್ಟಿಗಳ ಇತಿಹಾಸ ಹೇಳಿದೆ. ಅವರು ಕಾರಿನ ಸುತ್ತ ನಿಧಾನವಾಗಿ ನಡೆದರು, ಆಗಾಗ ನನ್ನ ಕಡೆ ತಿರುಗಿ ಮುಗುಳ್ನಕ್ಕರು, ಒಂದು ಸಲವೂ ಗಡಿಯಾರ ನೋಡಲಿಲ್ಲ. ನನ್ನ ಜೀವಮಾನದಲ್ಲಿ ನಡುವೆ ಬಾಯಿ ಹಾಕದೆ ನನ್ನ ಮಾತು ಕೇಳಿದವರು ಅವರೊಬ್ಬರೇ. (ಹೆಂಡತಿ ಬೆರಳನ್ನು ತುಟಿಗಿಟ್ಟರೆ ಇಡೀ ಗ್ರಂಥಾಲಯ ಸುಮ್ಮನಾಗುತ್ತದೆ, ನನ್ನದೇನು ಪಾಡು.)

ಹಾಗೆ ಕೇಳುವವರು ಸಿಕ್ಕರೆ ಮನುಷ್ಯ ಎಲ್ಲಿಗೆ ಹೋಗಿ ನಿಲ್ಲುತ್ತಾನೆ ಹೇಳುವಂತಿಲ್ಲ. ನಾನು ಅಂಗಡಿಯ ಸುದ್ದಿಗೆ ಬಂದೆ. ಇಪ್ಪತ್ತನೆಯ ವಯಸ್ಸಿಗೆ ಅಪ್ಪ ನನ್ನನ್ನು ಆ ಅಂಗಡಿಯಲ್ಲಿ ಕೂರಿಸಿದರು. ಅಂದಿನಿಂದ ಬಂದವರ ಕಣ್ಣಿಗೆ ಒಂದೊಂದು ಗಾಜು ಹಿಡಿದು “ಇದು ಚೆನ್ನಾಗಿ ಕಾಣತ್ತಾ, ಇಲ್ಲ ಇದಾ?” ಎಂದು ಕೇಳುತ್ತಿದ್ದೇನೆ. ನನಗೆ ಯಾವುದು ಚೆನ್ನಾಗಿ ಕಾಣತ್ತೆ ಎಂದು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಅದಕ್ಕೇ ಆ ಮಧ್ಯಾಹ್ನ ಶೋರೂಮಿನ ಗಾಜಿನಾಚೆ ಇದನ್ನು ನೋಡಿದಾಗ ಒಳಗೆ ಹೋಗಿಬಿಟ್ಟೆ. ಇಷ್ಟು ಹೇಳಿ, ಹೆಂಡತಿಗೂ ಹೇಳದ ಮಾತೊಂದನ್ನು ಹೇಳಿದೆ.

“ಸಾರ್, ಮೋಡ, ಹಕ್ಕಿ ಎಲ್ಲಾ ನೆಪ. ನನಗೆ ಇದನ್ನ ಓಡಿಸೋಕೆ ಭಯ. ಸ್ಪೀಡು ಐವತ್ತು ದಾಟಿದ್ರೆ ಕೈ ಬೆವರತ್ತೆ. ಆರು ವರ್ಷದಿಂದ ಒರೆಸ್ತಾ ಇದ್ದೀನಿ ಅಷ್ಟೇ.”

ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟು, ಮೆಲ್ಲಗೆ ಒತ್ತಿ, ಗಟ್ಟಿಯಾಗಿ ಹೇಳಿದರು. “ತಗೊಂಡೆ.”

ಕಾರು ಹೋಯಿತು. ಬೀದಿಯ ತಿರುವಿನಲ್ಲಿ ಸದ್ದು ಕರಗುವವರೆಗೆ ನಾನು ಗೇಟಿನಲ್ಲಿ ನಿಂತಿದ್ದೆ. ಹೆಂಡತಿ ಬಂದು ಪಕ್ಕದಲ್ಲಿ ನಿಂತಳು. ವಾರದೊಳಗೆ ಶೆಡ್ಡಿಗೆ ಮಂಚ ಬಂತು, ಅತ್ತೆಯವರು ಬಂದರು. ಫ್ಯಾನು ಚೆನ್ನಾಗಿದೆ ಎಂದರು. ನಾನು ಭಾನುವಾರಗಳಂದು ಒರೆಸಲು ಏನೂ ಸಿಗದೆ ಫ್ರಿಜ್ಜನ್ನು ಒರೆಸಿದೆ, ಅದಕ್ಕೂ ಒಂದು ಹೊಳಪು ಬಂತು, ಆದರೆ ಏನು ಮಾಡುವುದು, ಅದು ಎಷ್ಟೆಂದರೂ ಫ್ರಿಜ್ಜು. ಆದರೂ ಒಳಗೊಳಗೇ ಒಂದು ಸಮಾಧಾನವಿತ್ತು. ನನ್ನನ್ನು ಅರ್ಥಮಾಡಿಕೊಂಡ ಒಂದು ಜೀವ ಊರಿನ ಆಚೆ ತುದಿಯಲ್ಲಿದೆ, ಕಾರು ಅವರ ಕೈಯಲ್ಲಿದೆ.

ಒಂದು ತಿಂಗಳು ತಡೆದುಕೊಂಡೆ. ಆಮೇಲೆ ಒರೆಸುವ ಬಟ್ಟೆಗಳನ್ನು ಕೊಡುವ ನೆಪ ಮಾಡಿಕೊಂಡು ಒಂದು ಭಾನುವಾರ ಅವರ ಮನೆಗೆ ಹೋದೆ. ಬಾಗಿಲು ತೆರೆದದ್ದು ಅವರ ಸೊಸೆ. ನಾನು ಇಂಥವನು ಎಂದು ಪರಿಚಯ ಹೇಳಿಕೊಂಡದ್ದೇ ಆಕೆ ಬೆರಗಾಗಿ ಬಾಯಿಯ ಮೇಲೆ ಕೈಯಿಟ್ಟಳು.

“ಅಯ್ಯೋ, ನಿಮಗೆ ಮಾತು ಬರತ್ತಾ ಸಾರ್?”

“ಯಾಕಮ್ಮಾ?”

“ತಪ್ಪು ತಿಳ್ಕೋಬೇಡಿ. ಮಾವ ಅವತ್ತು ಮನೆಗೆ ಬಂದು ಏನಂದ್ರು ಗೊತ್ತಾ? ‘ಎಂಥ ಗಂಭೀರ ಮನುಷ್ಯ! ಶೆಡ್ಡಲ್ಲಿ ಒಂದೂವರೆ ಗಂಟೆ ಜೊತೆಗಿದ್ದರೂ ಒಂದು ಮಾತಾಡಲಿಲ್ಲ. ಪಾಪ, ಹಲ್ಲಿನ ತೊಂದರೆ ಇರಬೇಕು, ಬಾಯಿ ಮಾತ್ರ ಆಡಿಸ್ತಾನೇ ಇದ್ದರು’ ಅಂದ್ರು.”

ಆಕೆ ವಿವರಿಸಿದಳು. ಮೂವತ್ತೆಂಟು ವರ್ಷ ಆ ಯಂತ್ರಗಳ ಪಕ್ಕ ನಿಂತು ಮಾವನ ಕಿವಿ ಹೋಗಿಬಿಟ್ಟಿದೆ. ಕಿವಿಗೆ ಮಿಷನ್ ಹಾಕಿಕೊಂಡರೆ ಎಲ್ಲಾ ಕೇಳುತ್ತದೆ. ಆದರೆ ಇಂಜಿನ್ ನೋಡುವಾಗ ಅದನ್ನು ತೆಗೆದು ಜೇಬಿನಲ್ಲಿಟ್ಟುಕೊಳ್ಳುತ್ತಾರೆ, ತೆಗೆದಿಟ್ಟದ್ದನ್ನೇ ಮರೆತುಬಿಡುತ್ತಾರೆ. ಸಣ್ಣ ಕಾರುಗಳ ಸದ್ದು ಅವರಿಗೆ ತಿಳಿಯುವುದೇ ಇಲ್ಲ. ಇದೊಂದೇ, ಕೈಯಿಟ್ಟರೆ ಮೈಗೆಲ್ಲ ಹತ್ತುತ್ತದೆ, ಪ್ರೆಸ್ಸಿನಲ್ಲಿ ನಿಂತ ಹಾಗಿರುತ್ತದೆ. “ಅದಕ್ಕೇ ತಗೊಂಡಿದ್ದು ಸಾರ್.”

ದಿನವಿಡೀ ಜನರ ಕಿವಿಗೆ ಕನ್ನಡಕ ಸಿಕ್ಕಿಸುವವನು ನಾನು. ಅವರ ಕಿವಿಯನ್ನು ಒಂದು ಸಲ ಸರಿಯಾಗಿ ನೋಡಿರಲಿಲ್ಲ. ನಾಚಿಕೆಯಾಯಿತೋ ಹೊಟ್ಟೆ ಉರಿಯಿತೋ ಹೇಳಲಾರೆ. ನನ್ನ ಗುಟ್ಟು ಗುಟ್ಟಾಗಿಯೇ ಉಳಿಯಿತು ಎಂದು ನೆಮ್ಮದಿಯೂ ಆಯಿತು, ಅದೇ ಹೊತ್ತಿಗೆ ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲವಲ್ಲ ಎಂದು ಅಳುವೂ ಬಂತು.

ಅಷ್ಟರಲ್ಲಿ ಅವರೇ ಹೊರಗೆ ಬಂದರು. ನನ್ನನ್ನು ಕಂಡು ಅಷ್ಟಗಲ ನಕ್ಕು, “ಬನ್ನಿ ಸಾರ್, ಒಂದು ರೌಂಡು ಹೋಗಿಬರೋಣ,” ಎಂದು ಬಾಗಿಲು ತೆರೆದು ಕೂರಿಸಿದರು. ಆರು ವರ್ಷದಲ್ಲಿ ನಾನು ಆ ಪಕ್ಕದ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಕಾರು ಹೊಳೆಯುತ್ತಿತ್ತು, ನಾನು ಇಟ್ಟುಕೊಂಡದ್ದಕ್ಕಿಂತ ಒಂದು ಕೈ ಮೇಲು. ಅವರು ಕಿವಿಯಿಂದ ಆ ಪುಟ್ಟ ಮಿಷನ್ ತೆಗೆದು, ಕರವಸ್ತ್ರದಲ್ಲಿ ಸುತ್ತಿ, ಜೇಬಿನಲ್ಲಿಟ್ಟುಕೊಂಡರು.

ಹೆದ್ದಾರಿಗೆ ಬರುವವರೆಗೆ ಎಲ್ಲವೂ ಚೆನ್ನಾಗಿತ್ತು. ಆಮೇಲೆ ಅವರು ಪೆಡಲನ್ನು ಒತ್ತಿದರು. ಬೆನ್ನು ಸೀಟಿಗೆ ಅಂಟಿಕೊಂಡಿತು. ಕನ್ನಡಕ ಮೂಗಿಗೆ ಅಂಟಿಕೊಂಡಿತು. ಮುಳ್ಳು ಎಂಬತ್ತು ದಾಟಿತು, ನೂರು ದಾಟಿತು.

“ಸಾರ್, ಸ್ವಲ್ಪ ನಿಧಾನ!” ಎಂದೆ.

ಅವರು ಮುಗುಳ್ನಕ್ಕು ತಲೆಯಾಡಿಸಿದರು. ಮುಳ್ಳು ಇನ್ನಷ್ಟು ಏರಿತು.

“ಸಾರ್! ಸಾಕು! ಮುಂದೆ ಲಾರಿ! ಲಾರಿ ಸಾರ್!”

ಲಾರಿ ಹಿಂದಾಯಿತು. ಅವರು ಮತ್ತೆ ತಲೆಯಾಡಿಸಿದರು, ನನ್ನ ಹರ್ಷಕ್ಕೆ ಅವರಿಗೂ ಹರ್ಷ. ನಾನು ತಾಯಿಯನ್ನು ಕೂಗಿದೆ, ತಂದೆಯನ್ನು ಕೂಗಿದೆ, ಅತ್ತೆಯವರನ್ನೂ ಕೂಗಿದೆನೆಂದು ಕಾಣುತ್ತದೆ. ಎಡೆಬಿಡದೆ ಹೊಮ್ಮುತ್ತಿದ್ದ ಆ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳುತ್ತಿರಲಿಲ್ಲ. ನಲವತ್ತು ಕಿಲೋಮೀಟರು ಹೋಗಿ ನಲವತ್ತು ಕಿಲೋಮೀಟರು ಬಂದೆವು. ಇಳಿದಾಗ ಕಾರಿನ ಮೇಲೆ ಬಿದ್ದ ನನ್ನ ಬೆರಳಚ್ಚನ್ನೂ ಒರೆಸಲಿಲ್ಲ. ಅವರು ಕೈಕುಲುಕಿ, “ನಿಮ್ಮ ಹಾಗೆ ಸುಮ್ಮನೆ ಕೂತು ಅನುಭವಿಸೋರು ಸಿಗೋದು ಕಷ್ಟ,” ಎಂದರು.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಲು ಬಾಯಿ ತೆರೆದೆ. ಸ್ವರವಿಲ್ಲ. ಕಿರುಚಿ ಕಿರುಚಿ ಗಂಟಲು ಪೂರ್ತಿ ಕೂತುಹೋಗಿತ್ತು. ಒಂದು ಚೀಟಿಯ ಮೇಲೆ ಬರೆದು ತೋರಿಸಿದೆ: ಅವರಿಗೆ ಕಿವಿ ಕೇಳುವುದಿಲ್ಲ!

ಅವಳು ಓದಿ ಚೀಟಿಯನ್ನು ನಾಲ್ಕಾಗಿ ಮಡಚಿದಳು. “ಗೊತ್ತು. ಅವತ್ತು ನೀವು ಹೊದಿಕೆ ತೆಗೀತಿದ್ದಾಗ ಅವರು ಮಿಷನ್ ಜೇಬಿಗೆ ಹಾಕ್ಕೊಂಡ್ರು. ಅಡುಗೆಮನೆ ಕಿಟಕಿಯಿಂದ ನೋಡಿದೆ.”

ನಾನು ಎರಡೂ ಕೈ ಎತ್ತಿ ‘ಯಾಕೆ ಹೇಳಲಿಲ್ಲ’ ಎಂಬಂತೆ ಅಭಿನಯಿಸಿದೆ.

“ಕೇಳಿಸಿಕೊಂಡ ಹದಿಮೂರು ಜನ ಓಡಿಹೋಗಿದ್ರಲ್ಲ,” ಎಂದಳು. “ಆಮೇಲೆ, ನೀವು ಅಷ್ಟು ಸಂತೋಷವಾಗಿ ಮಾತಾಡ್ತಿದ್ದಿರಿ.”

ಅವಳ ದನಿ ಮೆತ್ತಗಾಗಿತ್ತು. ಮೂರು ದಿನ ಕಳೆದರೂ ಗಂಟಲು ಬಿಡಲಿಲ್ಲ. ಅವಳು ಬಿಸಿನೀರು ಕಾಯಿಸಿಕೊಟ್ಟಳು, ಉಪ್ಪು ಹಾಕಿಕೊಟ್ಟಳು, ರಾತ್ರಿ ಶಾಲು ತಂದು ಕತ್ತಿಗೆ ಸುತ್ತಿದಳು. ಮನೆಯಲ್ಲಿ ಗಡಿಯಾರದ ಸದ್ದು ಕೇಳಿಸುತ್ತಿತ್ತು. ಅತ್ತೆಯವರು ತಮ್ಮ ಹೊಸ ರೂಮಿನಿಂದ, “ಏನಮ್ಮಾ, ಯಾರೂ ಇಲ್ವಾ ಮನೇಲಿ?” ಎಂದು ಎರಡು ಸಲ ವಿಚಾರಿಸಿದರು.

ನಾಲ್ಕನೆಯ ದಿನ ಬೆಳಿಗ್ಗೆ ಹೆಂಡತಿ ಬಸ್ಸಿಗೆ ಹೊರಡುತ್ತ, ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಳಿದಳು:

“ಅವರ ಸೊಸೆ ಫೋನ್ ಮಾಡಿದ್ಲು. ನೀವು ಜೊತೆಗಿದ್ರೆ ಮಾವನಿಗೆ ಬಹಳ ಖುಷಿಯಂತೆ. ಪ್ರತಿ ಭಾನುವಾರ ಅವರೇ ಬಂದು ನಿಮ್ಮನ್ನ ಕರ್ಕೊಂಡು ಹೋಗ್ತಾರಂತೆ. ನಿಮ್ಮನ್ನ ಕೇಳೋಣ ಅಂತಿದ್ದೆ, ನಿಮಗೆ ಗಂಟಲು ಇರಲಿಲ್ವಲ್ಲ. ನಾನೇ ಹ್ಞೂಂ ಅಂದೆ.”

ನಾನು ಬಾಗಿಲು ಹಿಡಿದುಕೊಂಡು ನನ್ನ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿ “ಬೇಡ” ಎಂದೆ. ಒಂದಿಷ್ಟು ಗಾಳಿ ಹೊರಗೆ ಬಂತು. ಅವಳು ತಿರುಗಿ ನೋಡಿ, ಮುಗುಳ್ನಕ್ಕು, ತಲೆಯಾಡಿಸಿ, ಬಸ್ಸು ಹಿಡಿಯಲು ಹೊರಟುಹೋದಳು.